ಟ್ರೈಸೈಲ್: ಬಿರುಗಾಳಿಯ ಹಾಯಿಯನ್ನು ಬಂದರಿನಲ್ಲೇ ಸಜ್ಜು ಮಾಡಿ, ಕಡಲಿನಲ್ಲಿ ಬೇಗ ಏರಿಸಿ

ಬಿರುಗಾಳಿಗೆಂದು ಹೊಲಿಸಿದ ಚಿಕ್ಕ ಹಾಯಿ ಎಷ್ಟೋ ದೋಣಿಗಳಲ್ಲಿ ಚೀಲದಿಂದ ಒಮ್ಮೆಯೂ ಹೊರಗೆ ಬಂದಿರುವುದಿಲ್ಲ. ಕೊಂಡ ದಿನ ಹೇಗಿತ್ತೋ ಹಾಗೇ ಬಂಕಿನ ಕೆಳಗೆ, ಹಳೇ ಹಗ್ಗಗಳ ಅಡಿಯಲ್ಲಿ ಬಿದ್ದಿರುತ್ತದೆ. ಅದರ ಶೀಟ್ (ಹಾಯಿಯ ಹಿಂದಿನ ಮೂಲೆಯನ್ನು ಎಳೆಯುವ ಹಗ್ಗ) ಯಾವ ರಾಟೆಯ ಮೂಲಕ ಹೋಗಬೇಕು, ಹಾಯಿಯನ್ನು ಯಾವ ಹ್ಯಾಲ್ಯರ್ಡ್‌ಗೆ (ಮೇಲೆತ್ತುವ ಹಗ್ಗಕ್ಕೆ) ಸಿಕ್ಕಿಸಬೇಕು ಅಂತ ಯಾರೂ ನೋಡಿರುವುದಿಲ್ಲ. ಇಂಥ ಹಾಯಿಯನ್ನು 40 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಗಾಳಿಯಲ್ಲಿ, ರಾತ್ರಿ ಹೊತ್ತು, ಡೆಕ್ ಮೇಲೆ ನೀರು ನುಗ್ಗುವಾಗ ಮೊದಲ ಸಲ ಬಿಚ್ಚಿದರೆ ಅದು ಏರುವುದಿಲ್ಲ. ಏರಿದರೂ ಕೆಲಸಕ್ಕೆ ಬರುವುದಿಲ್ಲ. ಟ್ರೈಸೈಲ್‌ನ ಮುಕ್ಕಾಲು ಕೆಲಸ ಬಂದರಿನಲ್ಲೇ ಮುಗಿಯಬೇಕು. ಹಾಗಾಗಿ ಈ ಮಾರ್ಗದರ್ಶಿಯಲ್ಲೂ ಆ ಭಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಏನು, ಯಾಕೆ ಬೇಕು

ಟ್ರೈಸೈಲ್ ಅಂದರೆ ಮೇನ್‌ಸೈಲ್ (ದೋಣಿಯ ಮುಖ್ಯ ಹಾಯಿ) ಇಳಿಸಿದ ಮೇಲೆ ಅದರ ಜಾಗದಲ್ಲಿ, ಮಾಸ್ಟ್‌ನ (ಹಾಯಿಕಂಬದ) ಹಿಂದೆ ಏರಿಸುವ ಗಟ್ಟಿಯಾದ ತ್ರಿಕೋನದ ಹಾಯಿ. ಮುಂದಿನ ಅಂಚು, ಅಂದರೆ ಲಫ್, ಮಾಸ್ಟ್‌ಗೆ ಅಂಟಿಕೊಂಡಿರುತ್ತದೆ. ಕೆಳ ಅಂಚು ಯಾವುದಕ್ಕೂ ಕಟ್ಟಿರುವುದಿಲ್ಲ. ಮೇನ್‌ಸೈಲ್‌ಗೆ ಬೂಮ್, ಅಂದರೆ ಕೆಳ ಅಂಚನ್ನು ಹಿಡಿಯುವ ಅಡ್ಡ ಕಂಬ, ಬೇಕು. ಇದಕ್ಕೆ ಬೇಡ. ಹಿಂದಿನ ಮೂಲೆಯಿಂದ, ಅಂದರೆ ಕ್ಲ್ಯೂನಿಂದ, ಎರಡು ಶೀಟ್‌ಗಳು ದೋಣಿಯ ಹಿಂಭಾಗದ ಎರಡು ಬದಿಗೆ ಹೋಗುತ್ತವೆ. ಬೂಮ್ ಅನ್ನು ಡೆಕ್‌ಗೆ ಕಟ್ಟಿಹಾಕಿ ಮರೆತುಬಿಡಬಹುದು. ಬಿರುಗಾಳಿಯಲ್ಲಿ ಮನುಷ್ಯರ ತಲೆಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಆ ಬೂಮ್. ಅದು ಸುಮ್ನೆ ಮಲಗಿದ್ದರೆ ಅರ್ಧ ನಿಶ್ಚಿಂತೆ.

ಚಿಕ್ಕ ಹಾಯಿ ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. 20 ನಾಟ್ ಗಾಳಿಯ ಒತ್ತಡ ಚದರ ಮೀಟರ್‌ಗೆ ಸುಮಾರು 6.5 ಕೆ.ಜಿ. 40 ನಾಟ್‌ಗೆ ಅದು 26 ಕೆ.ಜಿ., 50 ನಾಟ್‌ಗೆ 41 ಕೆ.ಜಿ. ಈಗ 26 ಚದರ ಮೀಟರ್‌ನ ಒಂದು ಮೇನ್‌ಸೈಲ್ ತೆಗೆದುಕೊಳ್ಳಿ. 20 ನಾಟ್‌ನಲ್ಲಿ ಅದರ ಮೇಲೆ ಸುಮಾರು 170 ಕೆ.ಜಿ. ಒತ್ತಡ ಬೀಳುತ್ತದೆ. 40 ನಾಟ್‌ನಲ್ಲಿ ಬರೀ 8 ಚದರ ಮೀಟರ್‌ನ ಟ್ರೈಸೈಲ್ ಮೇಲೆ 200 ಕೆ.ಜಿ. ದಾಟುತ್ತದೆ. ನೋಡಲು ಕರವಸ್ತ್ರದಷ್ಟೇ ಕಾಣುವ ಬಟ್ಟೆ, ಆದರೆ ಅದು ಹೊರುವ ಭಾರ ಪೂರ್ತಿ ಮೇನ್‌ಸೈಲ್‌ನದಕ್ಕಿಂತ ಕಡಿಮೆ ಏನಲ್ಲ. ಅದರ ಹೊಲಿಗೆ, ಹಗ್ಗ, ರಾಟೆ ಎಲ್ಲ ಗಟ್ಟಿ ಇರಬೇಕು ಅನ್ನುವುದು ಇದಕ್ಕೇ.

"ಮೇನ್‌ಸೈಲ್‌ನಲ್ಲಿ ಮೂರನೇ ರೀಫ್ ಇದೆಯಲ್ಲ, ಮತ್ತೆ ಇದು ಯಾಕೆ?" ಅಂತ ಕೇಳುವವರು ತುಂಬ ಜನ. ನ್ಯಾಯವಾದ ಪ್ರಶ್ನೆಯೇ. ರೀಫ್ ಅಂದರೆ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟಿ ಅದನ್ನು ಚಿಕ್ಕದು ಮಾಡುವುದು. ಆಳವಾದ ಮೂರನೇ ರೀಫ್ ಹಾಕಲು ಹಾಯಿ ಬದಲಿಸಬೇಕಿಲ್ಲ. ಇಬ್ಬರೇ ಇರುವ ದೋಣಿಯಲ್ಲಿ ಅದು ದೊಡ್ಡ ಅನುಕೂಲ. ಆದರೆ ಆಗ ಬೂಮ್ ಡೆಕ್‌ಗೆ ಇಳಿಯದೆ ತಲೆಯ ಮೇಲೇ ಇರುತ್ತದೆ. ಹಾಯಿಯ ಪೂರ್ತಿ ಭಾರ ಒಂದು ರೀಫ್ ಹಗ್ಗ ಮತ್ತು ಅದು ಹಾಯುವ, ಹಾಯಿಯ ಅಂಚಿನ ಒಂದು ಕಣ್ಣಿನ (ಬಳೆಯ) ಮೇಲೆ ಬೀಳುತ್ತದೆ. ಎರಡು ದಿನ ಬಡಿಸಿಕೊಂಡರೆ ಮೇನ್‌ಸೈಲ್ ಹರಿಯಬಹುದು, ಮನೆ ಸೇರಲು ಬೇಕಾದ ಹಾಯಿಯೇ ಹೋಗಿಬಿಡುತ್ತದೆ. ನನ್ನ ಅಭಿಪ್ರಾಯ ಇಷ್ಟು: ದಡ ಕಾಣುವ ದೂರದಲ್ಲೇ ಓಡಾಡುವವರಿಗೆ ಒಳ್ಳೆಯ ಮೂರನೇ ರೀಫ್ ಸಾಕು. ಒಂದು ದಿನಕ್ಕಿಂತ ಹೆಚ್ಚು ಕಡಲಲ್ಲಿ ಕಳೆಯುವವರಿಗೆ ಎರಡೂ ಬೇಕು. ಮೂರನೇ ರೀಫ್ 35 ನಾಟ್‌ವರೆಗೆ, ಅದರಾಚೆಗೆ ಟ್ರೈಸೈಲ್.

ಇನ್ನೂ ಒಂದು ಕಾರಣ ಇದೆ, ಇದನ್ನು ಜನ ಮರೆಯುತ್ತಾರೆ. ಬೂಮ್ ಮುರಿದರೆ, ಮೇನ್‌ಸೈಲ್ ಸೀಳಿದರೆ ನಿಮ್ಮ ಬಳಿ ಉಳಿಯುವ ಹಿಂದಿನ ಹಾಯಿ ಇದೊಂದೇ. ಸಾಧಾರಣ ಗಾಳಿಯಲ್ಲೂ ಇದನ್ನು ಏರಿಸಿಕೊಂಡು, ಮಾಸ್ಟ್‌ನ ಮುಂದಿರುವ ಜಿಬ್ ಹಾಯಿಯ ಜೊತೆ ನಿಧಾನವಾಗಿಯಾದರೂ ಬಂದರು ಮುಟ್ಟಬಹುದು.

ಅಳತೆ ಮತ್ತು ಬಟ್ಟೆ

ದೂರದ ಕಡಲಿನ ಸ್ಪರ್ಧೆಗಳಿಗೆ ವರ್ಲ್ಡ್ ಸೈಲಿಂಗ್ ಸಂಸ್ಥೆ ಸುರಕ್ಷತಾ ನಿಯಮಗಳನ್ನು ಮಾಡಿದೆ. ಸ್ಪರ್ಧೆಗೆ ಹೋಗದವರಿಗೂ ಅವು ಒಳ್ಳೆಯ ಅಳತೆಗೋಲು. ಟ್ರೈಸೈಲ್‌ನ ವಿಸ್ತೀರ್ಣ, ಮೇನ್‌ಸೈಲ್ ಏರುವ ಎತ್ತರ ಮತ್ತು ಬೂಮ್ ಮೇಲಿನ ಅದರ ಉದ್ದ ಇವೆರಡರ ಗುಣಲಬ್ಧದ 17.5% ದಾಟಬಾರದು. ಎತ್ತರ 12 ಮೀಟರ್, ಉದ್ದ 4 ಮೀಟರ್ ಇದ್ದರೆ ಗುಣಲಬ್ಧ 48. ಅದರ 17.5% ಅಂದರೆ 8.4 ಚದರ ಮೀಟರ್. ಇದು ಗರಿಷ್ಠ ಮಿತಿ, ಇಷ್ಟೇ ಇರಬೇಕು ಅಂತಲ್ಲ. ಬಿರುಗಾಳಿ ಜಾಸ್ತಿ ಬೀಸುವ ಕಡಲಿಗೆ ಹೋಗುವವರು ಇನ್ನೂ ಚಿಕ್ಕದು ಹೊಲಿಸುವುದು ಜಾಣತನ.

ಅದರ ಜೋಡಿ ಹಾಯಿ ಸ್ಟಾರ್ಮ್ ಜಿಬ್, ಇದು ಮಾಸ್ಟ್‌ನ ಮುಂದೆ ಏರುತ್ತದೆ. ಮಾಸ್ಟ್, ಡೆಕ್ ಮತ್ತು ಮಾಸ್ಟ್ ಅನ್ನು ಮುಂದಿನಿಂದ ಹಿಡಿದಿರುವ ತಂತಿ ಸೇರಿ ಆಗುವ ಮುಂದಿನ ತ್ರಿಕೋನದ ಎತ್ತರವನ್ನು ಅದರಿಂದಲೇ ಗುಣಿಸಿ. ಬಂದದ್ದರ 5% ಇದರ ಗರಿಷ್ಠ ವಿಸ್ತೀರ್ಣ. ಎತ್ತರ 14 ಮೀಟರ್ ಇದ್ದರೆ 9.8 ಚದರ ಮೀಟರ್. ಅದರ ಲಫ್ ಆ ಎತ್ತರದ 65% ದಾಟಬಾರದು, ಅಂದರೆ ಇಲ್ಲಿ 9.1 ಮೀಟರ್.

ಟ್ರೈಸೈಲ್‌ನ ತಲೆಯಲ್ಲಿ ಗಟ್ಟಿ ಹಲಗೆ ಇರಬಾರದು, ಒಳಗೆ ಆಕಾರ ಹಿಡಿದಿಡುವ ಬ್ಯಾಟನ್ ಪಟ್ಟಿಗಳೂ ಇರಬಾರದು. ಮುರಿಯುವಂಥದ್ದು ಏನೂ ಇರಬಾರದು ಅನ್ನುವುದೇ ಇದರ ಹಿಂದಿನ ಯೋಚನೆ. ಕಾರ್ಬನ್, ಕೆವ್ಲಾರ್ ಥರದ ನೂಲುಗಳಿಗೆ ಇಲ್ಲಿ ಅವಕಾಶ ಇಲ್ಲ, ಅವು ಮಡಿಸಿ ಮಡಿಸಿ, ಬಡಿದು ಬಡಿದು ತುಂಡಾಗುತ್ತವೆ. ಗಟ್ಟಿ ಡೇಕ್ರಾನ್, ಅಂದರೆ ಪಾಲಿಯೆಸ್ಟರ್ ಬಟ್ಟೆಯೇ ಒಳ್ಳೆಯದು. 2014ರಿಂದ ಈಚೆಗೆ ಹೊಲಿದ ಬಿರುಗಾಳಿ ಹಾಯಿಗಳ ಬಟ್ಟೆ ಎದ್ದು ಕಾಣುವ ಕಿತ್ತಳೆ, ಹಳದಿ ಅಥವಾ ಗುಲಾಬಿ ಬಣ್ಣದ್ದಾಗಿರಬೇಕು ಅನ್ನುವ ನಿಯಮ ಇದೆ. ಬಿಳಿ ನೊರೆ ತುಂಬಿದ ಕಡಲಿನಲ್ಲಿ ಬಿಳಿ ಹಾಯಿ ಹೆಲಿಕಾಪ್ಟರ್‌ನಿಂದ ಕಾಣುವುದೇ ಇಲ್ಲ.

ಹೊಲಿಸುವಾಗ ಮೂರು ವಿಷಯ ನೋಡಿ. ಹೊಲಿಗೆ ಮೂರು ಸಾಲು ಇರಲಿ. ಮೂಲೆಗಳಲ್ಲಿ ಪದರದ ಮೇಲೆ ಪದರ ಬಟ್ಟೆ ಇರಲಿ. ಹಾಯಿ ಹೊಟ್ಟೆ ಬಿಡದ ಹಾಗೆ ಚಪ್ಪಟೆಯಾಗಿ ಕತ್ತರಿಸಿರಲಿ. ಹೊಟ್ಟೆ ಇರುವ ಹಾಯಿ ಗಾಳಿಯನ್ನು ಹಿಡಿದು ದೋಣಿಯನ್ನು ಬರೀ ಪಕ್ಕಕ್ಕೆ ಮಲಗಿಸುತ್ತದೆ, ಮುಂದಕ್ಕೆ ಎಳೆಯುವುದು ಕಡಿಮೆ. ಹಿಂದಿನ ಅಂಚು, ಅಂದರೆ ಲೀಚ್, ಸ್ವಲ್ಪ ಒಳಕ್ಕೆ ಬಾಗಿದ್ದರೆ ಪಟಪಟ ಬಡಿದುಕೊಳ್ಳುವುದಿಲ್ಲ.

ಮಾಸ್ಟ್ ಮೇಲೆ ಅದಕ್ಕೇ ಒಂದು ಟ್ರ್ಯಾಕ್

ನನ್ನನ್ನು ಕೇಳಿದರೆ ಹಾಯಿಗಿಂತ ಮೊದಲು ಹಣ ಹಾಕಬೇಕಾದ ಜಾಗ ಇದು. ಮೇನ್‌ಸೈಲ್ ಏರಿಳಿಯುವ ಟ್ರ್ಯಾಕ್ (ಮಾಸ್ಟ್ ಮೇಲಿನ ಹಳಿ) ಪಕ್ಕದಲ್ಲಿ ಇನ್ನೊಂದು ಟ್ರ್ಯಾಕ್, ಡೆಕ್‌ನಿಂದ ಒಂದು ಗೇಣು ಮೇಲಿನಿಂದ ಶುರುವಾಗಿ ಟ್ರೈಸೈಲ್‌ನ ತಲೆ ಎಷ್ಟು ಎತ್ತರ ಹೋಗುತ್ತದೋ ಅಲ್ಲಿಯವರೆಗೆ. ಹೀಗಿದ್ದರೆ ಹಾಯಿಯ ಸ್ಲೈಡ್‌ಗಳನ್ನು (ಲಫ್‌ಗೆ ಕಟ್ಟಿದ, ಟ್ರ್ಯಾಕ್‌ನಲ್ಲಿ ಜಾರುವ ತುಂಡುಗಳನ್ನು) ಪ್ರಯಾಣ ಹೊರಡುವ ಮೊದಲೇ ಟ್ರ್ಯಾಕ್‌ಗೆ ಸೇರಿಸಿ, ಹಾಯಿಯನ್ನು ಚೀಲದಲ್ಲೇ ಇಟ್ಟು, ಮಾಸ್ಟ್‌ನ ಬುಡಕ್ಕೆ ಕಟ್ಟಿಡಬಹುದು. ಬೇಕಾದಾಗ ಹ್ಯಾಲ್ಯರ್ಡ್ ಸಿಕ್ಕಿಸಿ ಎಳೆಯುವುದಷ್ಟೇ ಕೆಲಸ.

ಒಂದೇ ಟ್ರ್ಯಾಕ್ ಹಂಚಿಕೊಳ್ಳುವ ದೋಣಿಗಳೂ ಇವೆ. ಅಲ್ಲಿ ತೊಂದರೆ ಏನೆಂದರೆ, ಇಳಿಸಿದ ಮೇನ್‌ಸೈಲ್‌ನ ಸ್ಲೈಡ್‌ಗಳು ಒಂದರ ಮೇಲೊಂದು ಪೇರಿ ನಿಲ್ಲುತ್ತವೆ. ಟ್ರೈಸೈಲ್‌ನ ಸ್ಲೈಡ್ ಒಳಗೆ ಹಾಕುವ ಬಾಗಿಲು ಆ ರಾಶಿಗಿಂತ ಮೇಲೆ ಇರಬೇಕಾಗುತ್ತದೆ. ಅದು ತಲೆಗಿಂತ ಮೇಲೆ ಹೋಯಿತೆಂದರೆ, ಉರುಳಾಡುವ ದೋಣಿಯಲ್ಲಿ ಮಾಸ್ಟ್ ಅಪ್ಪಿಕೊಂಡು, ಒಂದೇ ಕೈಯಲ್ಲಿ ಒಂದೊಂದೇ ಸ್ಲೈಡ್ ತೂರಿಸಬೇಕು. ಯಾರಿಂದ ಆಗುತ್ತೆ ಹೇಳಿ? ಮೇನ್‌ಸೈಲ್ ಮಾಸ್ಟ್‌ನ ಒಳಗೇ ಸುತ್ತಿಕೊಳ್ಳುವ ದೋಣಿಗಳಿಗಂತೂ ಬೇರೆ ಟ್ರ್ಯಾಕ್ ಬಿಟ್ಟು ಒಳ್ಳೆಯ ದಾರಿ ಇಲ್ಲ.

ಹೊಸದಾಗಿ ಟ್ರ್ಯಾಕ್ ಕೂರಿಸುವಾಗ ಒಂದು ವಿಷಯ ನೆನಪಿರಲಿ. ಹಾಯಿಯ ಭಾರ ಟ್ರ್ಯಾಕ್ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಹಾಯಿ ಪೂರ್ತಿ ಏರಿದಾಗ ತಲೆಯ ಸ್ಲೈಡ್ ಎಲ್ಲಿ ನಿಲ್ಲುತ್ತದೋ ಅಲ್ಲೇ ಎಳೆತ ಜಾಸ್ತಿ. ಆ ಜಾಗದಲ್ಲಿ ಸ್ಕ್ರೂಗಳನ್ನು ಒತ್ತೊತ್ತಾಗಿ ಹಾಕಿ. ತಲೆಯ ಸ್ಲೈಡ್ ಕೂಡ ಉಳಿದವುಗಳಿಗಿಂತ ಗಟ್ಟಿ ಇರಲಿ, ಪ್ಲಾಸ್ಟಿಕ್ ಬೇಡ. ಅಲ್ಯೂಮಿನಿಯಂ ಮಾಸ್ಟ್‌ಗೆ ಸ್ಟೀಲ್ ಸ್ಕ್ರೂ ಹಾಕಿದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ತಿಂದುಹಾಕುತ್ತವೆ, ಹಾಗಾಗಿ ನಡುವೆ ತಡೆಯುವ ಪೇಸ್ಟ್ ಬಳಿಯಲೇಬೇಕು. ಕಾರ್ಬನ್ ಮಾಸ್ಟ್ ಆದರೆ ನೀವೇ ತೂತು ಕೊರೆಯಲು ಹೋಗಬೇಡಿ. ಮಾಸ್ಟ್ ಮಾಡಿದವರನ್ನೇ ಕೇಳಿ.

ಬಂದರಿನಲ್ಲಿ ಮೊದಲ ಏರಿಕೆ

ಗಾಳಿ ಇಲ್ಲದ ಒಂದು ಬೆಳಿಗ್ಗೆ ಆರಿಸಿಕೊಳ್ಳಿ. ಅರ್ಧ ದಿನ ಬೇಕಾಗುತ್ತದೆ.

ಮೊದಲು ಮೇನ್‌ಸೈಲ್ ಇಳಿಸಿ, ಬೂಮ್ ಮೇಲೆ ಮಡಿಸಿ ಕಟ್ಟಿ. ಟ್ರೈಸೈಲ್ ಅನ್ನು ಬರೀ ಬೂಮ್ ಜೊತೆ ಹೊಂದಿಸಿ ನೋಡಿದರೆ ಸಾಲದು, ಕಟ್ಟಿದ ಮೇನ್‌ಸೈಲ್‌ನ ರಾಶಿಯ ಜೊತೆಗೇ ನೋಡಬೇಕು. ಆಮೇಲೆ ಟ್ರೈಸೈಲ್‌ನ ಸ್ಲೈಡ್‌ಗಳನ್ನು ಟ್ರ್ಯಾಕ್‌ಗೆ ಹಾಕಿ ಏರಿಸಿ.

ಈಗ ಟ್ಯಾಕ್ ನೋಡಿ, ಅಂದರೆ ಮುಂದಿನ ಕೆಳ ಮೂಲೆ. ಅದನ್ನು ಮಾಸ್ಟ್‌ನ ಬುಡಕ್ಕೆ ಹಿಡಿದಿಡಲು ಒಂದು ತುಂಡು ಹಗ್ಗ ಬೇಕು, ಹಿಗ್ಗದ ಗಟ್ಟಿ ನೂಲಾದ ಡೈನೀಮಾದ್ದು ಒಳ್ಳೆಯದು. ಇದರ ಉದ್ದವೇ ಎಲ್ಲವನ್ನೂ ನಿರ್ಧರಿಸುತ್ತದೆ. ಗಿಡ್ಡವಾದರೆ ಹಾಯಿಯ ಕೆಳ ಅಂಚು ಬೂಮ್‌ಗೆ ಉಜ್ಜುತ್ತದೆ. ತೀರಾ ಉದ್ದವಾದರೆ ಗಾಳಿಯ ಒತ್ತಡ ಮೇಲಕ್ಕೆ ಹೋಗಿ ದೋಣಿ ಜಾಸ್ತಿ ವಾಲುತ್ತದೆ. ಹಾಗಂತ ಹಾಯಿ ತೀರಾ ಕೆಳಗಿರುವುದೂ ಒಳ್ಳೆಯದಲ್ಲ. ದೊಡ್ಡ ಅಲೆಗಳ ನಡುವಿನ ತಗ್ಗಿಗೆ ದೋಣಿ ಇಳಿದಾಗ ಅಲೆಯೇ ಗಾಳಿಗೆ ಅಡ್ಡ ನಿಲ್ಲುತ್ತದೆ. ಹಾಯಿ ಕೆಳಗಿದ್ದರೆ ಅಲ್ಲಿ ಸತ್ತುಹೋಗುತ್ತದೆ, ಮೇಲೆ ಬಂದ ತಕ್ಷಣ ಪಟ್ಟನೆ ತುಂಬಿಕೊಳ್ಳುತ್ತದೆ. ಕಟ್ಟಿದ ಮೇನ್‌ಸೈಲ್‌ಗಿಂತ ಒಂದು ಮೊಳ ಮೇಲೆ ಕೆಳ ಅಂಚು ಬರುವ ಹಾಗೆ ಶುರು ಮಾಡಿ, ಶೀಟ್‌ನ ಕೋನ ನೋಡಿಕೊಂಡು ಹೊಂದಿಸಿ.

ಶೀಟ್‌ನ ಕೋನ ನೋಡುವುದು ಹೀಗೆ. ಒಬ್ಬರು ಕ್ಲ್ಯೂ ಹಿಡಿದು, ಶೀಟ್ ಅನ್ನು ಹಿಂದಿನ ಮೂಲೆಯ ರಾಟೆಯತ್ತ ಎಳೆಯಲಿ. ಇನ್ನೊಬ್ಬರು ದಡದ ಮೇಲೆ ಪಕ್ಕಕ್ಕೆ ನಿಂತು ನೋಡಲಿ. ಶೀಟ್‌ನ ಗೆರೆಯನ್ನು ಕಣ್ಣಲ್ಲೇ ಹಾಯಿಯೊಳಕ್ಕೆ ಉದ್ದ ಮಾಡಿದರೆ ಅದು ಕ್ಲ್ಯೂನ ಕೋನವನ್ನು ಹೆಚ್ಚುಕಡಿಮೆ ಎರಡು ಸಮಭಾಗ ಮಾಡಬೇಕು. ಹಾಗಾದಾಗ ಲೀಚ್ ಮತ್ತು ಕೆಳ ಅಂಚು ಎರಡೂ ಒಂದೇ ಬಿಗಿಯಲ್ಲಿ ಇರುತ್ತವೆ. ಲೀಚ್ ಸಡಿಲ ಇದ್ದರೆ ರಾಟೆ ಮುಂದಕ್ಕೆ ಬರಬೇಕು, ಕೆಳ ಅಂಚು ಸಡಿಲ ಇದ್ದರೆ ಹಿಂದಕ್ಕೆ ಹೋಗಬೇಕು. ರಾಟೆಯ ಜಾಗ ಬದಲಿಸಲು ಆಗದಿದ್ದರೆ ಟ್ಯಾಕ್ ಹಗ್ಗದ ಉದ್ದ ಬದಲಿಸಿ ಅದೇ ಕೆಲಸ ಮಾಡಬಹುದು: ಹಾಯಿ ಮೇಲೇರಿದರೆ ಲೀಚ್ ಬಿಗಿಯಾಗುತ್ತದೆ, ಇಳಿದರೆ ಸಡಿಲವಾಗುತ್ತದೆ.

ರಾಟೆ ಕೂರುವ ಜಾಗ ಗಟ್ಟಿ ಇರಬೇಕು. ಡೆಕ್‌ನ ಕೆಳಗೆ ದಪ್ಪ ಪಟ್ಟಿ ಕೊಟ್ಟು ಬೋಲ್ಟ್ ಮಾಡಿದ ಕಣ್ಣು ಬೇಕು. ರೇಲಿಂಗ್ ಕಂಬಕ್ಕೆ ಕಟ್ಟಿದರೆ ಕಂಬವೇ ಕಿತ್ತು ಬರುತ್ತದೆ. ಅಲ್ಲಿಂದ ಶೀಟ್ ಕಾಕ್‌ಪಿಟ್‌ನ (ಚುಕ್ಕಾಣಿ ಹಿಡಿದು ಕೂರುವ ತಗ್ಗಿನ) ವಿಂಚ್‌ಗೆ, ಅಂದರೆ ಹಗ್ಗ ಎಳೆಯುವ ರಾಟಿಗೆ ಬರಲಿ. ದಾರಿಯಲ್ಲಿ ಎಲ್ಲೂ ತಂತಿಗೆ, ರೇಲಿಂಗ್‌ಗೆ, ಸ್ಪ್ರೇಹುಡ್‌ಗೆ (ನೀರಿನ ಎರಚಲು ತಡೆಯುವ ಮುಸುಕಿಗೆ) ಉಜ್ಜಬಾರದು. ಬೆರಳಿನಲ್ಲಿ ಹಗ್ಗದ ಉದ್ದಕ್ಕೂ ಸವರಿಕೊಂಡು ಹೋಗಿ ನೋಡಿ. ಉಜ್ಜುವ ಜಾಗ ಒಂದು ರಾತ್ರಿಯಲ್ಲಿ ಹಗ್ಗ ತುಂಡು ಮಾಡುತ್ತದೆ.

ಎರಡೂ ಶೀಟ್‌ಗಳನ್ನು ಕ್ಲ್ಯೂಗೆ ಬೋಲೈನ್ ಗಂಟಿನಲ್ಲಿ ಕಟ್ಟಿ, ಕಾಯಂ ಆಗಿ ಅಲ್ಲೇ ಬಿಡಿ. ಶ್ಯಾಕಲ್ (ಲೋಹದ ಕೊಂಡಿ) ಖಂಡಿತ ಬೇಡ. ಬಡಿದುಕೊಳ್ಳುವ ಹಾಯಿಯ ತುದಿಯಲ್ಲಿ ಒಂದು ಉಕ್ಕಿನ ತುಂಡು ಇದ್ದರೆ ಅದು ಮುಖ ಒಡೆಯುತ್ತದೆ.

ಹ್ಯಾಲ್ಯರ್ಡ್‌ಗೆ ಸಾಮಾನ್ಯವಾಗಿ ಮೇನ್‌ಸೈಲ್‌ನದ್ದನ್ನೇ ಬಳಸುತ್ತಾರೆ. ಹಾಯಿ ಪೂರ್ತಿ ಏರಿದಾಗ ಹ್ಯಾಲ್ಯರ್ಡ್ ಮೇಲೆ, ವಿಂಚ್ ಹತ್ತಿರ, ದಾರ ಸುತ್ತಿ ಗುರುತು ಮಾಡಿ. ಕತ್ತಲಲ್ಲಿ ಕೈಗೆ ತಾಗುವ ಗುರುತು ಇರಲಿ, ಬಣ್ಣ ಸಾಲದು. ರಾಟೆ ಹಾಕುವ ಜಾಗಕ್ಕೂ ಟ್ಯಾಕ್ ಹಗ್ಗಕ್ಕೂ ಹಾಗೇ ಗುರುತು ಮಾಡಿ. ಹಾಯಿಯ ಮೂರು ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ "ಹೆಡ್", "ಟ್ಯಾಕ್", "ಕ್ಲ್ಯೂ" ಅಂತ ಬರೆಯಿರಿ. ನಿದ್ದೆಗೆಟ್ಟ ಕಣ್ಣಿಗೆ ತ್ರಿಕೋನದ ಮೂರು ಮೂಲೆಯೂ ಒಂದೇ ಥರ ಕಾಣುತ್ತವೆ.

ಇಷ್ಟಾದ ಮೇಲೆ ಹಾಯಿ ಇಳಿಸಿ, ಚೀಲಕ್ಕೆ ತುಂಬಿ. ಮತ್ತೆ ಮೊದಲಿನಿಂದ ಏರಿಸಿ. ಇನ್ನೊಂದು ದಿನ 15–20 ನಾಟ್ ಗಾಳಿಯಲ್ಲಿ ಕಡಲಿಗೆ ಹೋಗಿ ಅದನ್ನೇ ಮಾಡಿ, ಆಮೇಲೆ ಒಂದು ರಾತ್ರಿ ಹಣೆಯ ದೀಪ ಹಾಕಿಕೊಂಡು. ದೋಣಿಯಲ್ಲಿ ಇರುವವರೆಲ್ಲ ಒಂದೊಂದು ಸಲ ಮಾಸ್ಟ್ ಹತ್ತಿರದ ಕೆಲಸ ಮಾಡಲಿ. ನಾಯಕನಿಗೆ ಮಾತ್ರ ಗೊತ್ತಿದ್ದರೆ, ನಾಯಕನಿಗೇ ಪೆಟ್ಟಾದಾಗ ಗತಿ ಏನು?

ಯಾವಾಗ ಏರಿಸಬೇಕು

ಬೋಫರ್ಟ್ ಮಾಪಕದಲ್ಲಿ 8 ಅಂದರೆ 34–40 ನಾಟ್, 9 ಅಂದರೆ 41–47, 10 ಅಂದರೆ 48–55. ಟ್ರೈಸೈಲ್‌ನ ನಿಜವಾದ ಕಾಲ 8ರ ಮೇಲಿನ ತುದಿಯಿಂದ ಶುರು. ಆದರೆ ಏರಿಸುವ ಕಾಲ ಅದಕ್ಕಿಂತ ಮೊದಲು, 30 ನಾಟ್ ಆಸುಪಾಸಿನಲ್ಲೇ, ಗಾಳಿ ಏರುತ್ತದೆ ಅಂತ ಗೊತ್ತಾದ ಹೊತ್ತಿಗೆ. 30 ನಾಟ್‌ನಲ್ಲಿ ಅರ್ಧ ಗಂಟೆಯ ಕೆಲಸ 45 ನಾಟ್‌ನಲ್ಲಿ ಎರಡು ಗಂಟೆ ಹಿಡಿಯುತ್ತದೆ, ಕೆಲವು ಸಲ ಆಗುವುದೇ ಇಲ್ಲ.

ಗಾಳಿಯ ಅಳತೆ ಒಂದೇ ನೋಡಬೇಡಿ. ಬ್ಯಾರೋಮೀಟರ್ 3 ಗಂಟೆಯಲ್ಲಿ 6 ಹೆಕ್ಟೊಪ್ಯಾಸ್ಕಲ್‌ಗಿಂತ ಜಾಸ್ತಿ ಇಳಿದರೆ ಹವಾಮಾನದವರು ಅದನ್ನು ತುಂಬ ವೇಗದ ಇಳಿತ ಅನ್ನುತ್ತಾರೆ. ಅದು ಕಂಡರೆ ಕಾಯಬೇಡಿ. ಕತ್ತಲಾಗಲು ಎರಡು ಗಂಟೆ ಇದ್ದರೂ ಕಾಯಬೇಡಿ. ಜನ ವಾಂತಿ ಮಾಡಿ ಮಾಡಿ ಸುಸ್ತಾಗುವ ಮೊದಲೇ ಮುಗಿಸಿ. ಬೇಗ ಏರಿಸಿದ್ದರಿಂದ ಆಗುವ ನಷ್ಟ ಒಂದೆರಡು ನಾಟ್ ವೇಗ, ಅಷ್ಟೇ ಅಲ್ವಾ?

ಕಡಲಿನಲ್ಲಿ ಏರಿಸುವ ಕ್ರಮ

1. ಎಲ್ಲರೂ ಹಾರ್ನೆಸ್ (ಎದೆಗೆ ಕಟ್ಟುವ ಸುರಕ್ಷತಾ ಪಟ್ಟಿ) ಹಾಕಿ, ಎರಡು ಕೊಕ್ಕೆಯ ಹಗ್ಗ ತೊಟ್ಟಿರಬೇಕು. ಕಾಕ್‌ಪಿಟ್ ಬಿಡುವ ಮೊದಲೇ ಡೆಕ್ ಉದ್ದಕ್ಕೂ ಹಾಕಿದ ಪಟ್ಟಿಗೆ ಕೊಕ್ಕೆ ಸಿಕ್ಕಿಸಿ. ಮಾಸ್ಟ್ ಹತ್ತಿರ ಇಬ್ಬರು, ಚುಕ್ಕಾಣಿಯಲ್ಲಿ ಒಬ್ಬರು. ಕೂತೇ ಕೆಲಸ ಮಾಡಿ, ಎದ್ದು ನಿಂತು ಶೂರತನ ಬೇಡ.

2. ದೋಣಿಯನ್ನು ಗಾಳಿಗೆ ಸುಮಾರು 50–60 ಡಿಗ್ರಿ ಕೋನದಲ್ಲಿ ನಿಧಾನ ಮಾಡಿ. ಸ್ಟಾರ್ಮ್ ಜಿಬ್ ಮೊದಲೇ ಏರಿದ್ದರೆ ದೋಣಿ ಹಿಡಿತದಲ್ಲಿ ಇರುತ್ತದೆ. ಗಾಳಿಯ ಜೊತೆಗೆ ಓಡುತ್ತಾ ಮೇನ್‌ಸೈಲ್ ಇಳಿಸಲು ಹೋಗಬೇಡಿ. ಆಗ ಹಾಯಿ ಸ್ಪ್ರೆಡರ್‌ಗಳಿಗೆ (ಮಾಸ್ಟ್‌ನ ಪಕ್ಕದ ಅಡ್ಡ ತೋಳುಗಳಿಗೆ) ಒತ್ತಿಕೊಂಡು ಇಳಿಯುವುದೇ ಇಲ್ಲ.

3. ಟಾಪಿಂಗ್ ಲಿಫ್ಟ್ (ಬೂಮ್‌ನ ತುದಿಯನ್ನು ಮೇಲಿನಿಂದ ಎತ್ತಿ ಹಿಡಿಯುವ ಹಗ್ಗ) ಬಿಗಿ ಮಾಡಿ, ಆಮೇಲೆ ಮೇನ್‌ಸೈಲ್ ಇಳಿಸಿ. ಇದನ್ನು ಮರೆತರೆ ಬೂಮ್ ಕಾಕ್‌ಪಿಟ್ ಮೇಲೆ ಬೀಳುತ್ತದೆ.

4. ಮೇನ್‌ಸೈಲ್ ಅನ್ನು ಬೂಮ್‌ಗೆ ಬಿಗಿಯಾಗಿ ಕಟ್ಟಿ. ಪಟ್ಟಿಗಳು ಒಂದೊಂದು ಮೊಳಕ್ಕೆ ಒಂದು ಇರಲಿ. ಎಲ್ಲಾದರೂ ಒಂದು ಗುಳ್ಳೆಯಷ್ಟು ಬಟ್ಟೆ ಸಡಿಲ ಬಿಟ್ಟರೆ ಗಾಳಿ ಅಲ್ಲಿಂದ ಒಳಗೆ ನುಗ್ಗಿ ಇಡೀ ಹಾಯಿಯನ್ನು ಬಿಚ್ಚುತ್ತದೆ. ಈ ಹಂತದಲ್ಲಿ ದೋಣಿ ಜೋರಾಗಿ ಉರುಳಾಡುತ್ತದೆ, ಅದನ್ನು ತಡೆಯುವ ಹಾಯಿ ಈಗ ಇಲ್ಲವಲ್ಲ. ಹೆದರಬೇಡಿ, ಟ್ರೈಸೈಲ್ ಏರಿದರೆ ನಿಲ್ಲುತ್ತದೆ.

5. ಬೂಮ್‌ನ ತುದಿಯನ್ನು ಡೆಕ್‌ಗೆ ಇಳಿಸಿ, ಎರಡೂ ಬದಿಗೆ ಹಗ್ಗ ಕಟ್ಟಿ, ಮೇನ್‌ಶೀಟ್ ಬಿಗಿ ಮಾಡಿ. ಕೈಯಿಂದ ಅಲುಗಾಡಿಸಿ ನೋಡಿ. ಒಂದಿಂಚೂ ಆಡಬಾರದು.

6. ಹ್ಯಾಲ್ಯರ್ಡ್ ಅನ್ನು ಮೇನ್‌ಸೈಲ್‌ನಿಂದ ಬಿಚ್ಚಿ ಟ್ರೈಸೈಲ್‌ಗೆ ಸಿಕ್ಕಿಸಿ. ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮ ಕ್ಷಣ ಇದು. ಶ್ಯಾಕಲ್ ಕೈಜಾರಿತೆಂದರೆ ಅದು ಮಾಸ್ಟ್‌ನ ತುದಿಗೆ ಹೋಗಿ ಕೂರುತ್ತದೆ, ಆ ಗಾಳಿಯಲ್ಲಿ ಅದನ್ನು ತರಲು ಯಾರೂ ಮೇಲೆ ಹೋಗುವ ಹಾಗಿಲ್ಲ. ಬಿಚ್ಚುವ ಮೊದಲೇ ಶ್ಯಾಕಲ್‌ನ ಕಣ್ಣಿಗೆ ಒಂದು ಸಣ್ಣ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಮಾಸ್ಟ್‌ಗೆ ಕಟ್ಟಿರಲಿ. ಒಬ್ಬರು ಹ್ಯಾಲ್ಯರ್ಡ್‌ನ ಸಡಿಲ ಹಿಡಿದುಕೊಂಡೇ ಇರಲಿ. ಒಂದು ವೇಳೆ ಹೋಗಿಯೇಬಿಟ್ಟರೆ ಬೇಕಾಗುತ್ತದೆ ಅಂತ ಟಾಪಿಂಗ್ ಲಿಫ್ಟ್ ಅಥವಾ ಇನ್ನೊಂದು ಹ್ಯಾಲ್ಯರ್ಡ್ ಬಳಸುವುದನ್ನೂ ಬಂದರಿನಲ್ಲೇ ಪ್ರಯತ್ನಿಸಿ ಇಟ್ಟುಕೊಂಡಿರಿ.

7. ಟ್ಯಾಕ್ ಹಗ್ಗ ಕಟ್ಟಿ. ಎರಡೂ ಶೀಟ್‌ಗಳನ್ನು ರಾಟೆಯ ಮೂಲಕ ತಂದು ತುದಿಯಲ್ಲಿ ಎಂಟರ ಆಕಾರದ ಗಂಟು ಹಾಕಿ. ಗಾಳಿ ಬರುವ ಬದಿಯ ಶೀಟ್ ಕಟ್ಟಿದ ಬೂಮ್‌ನ ಮೇಲಿಂದ ಹಾದು ಬರಬೇಕು. ಕೆಳಗಿಂದ ಬಂದರೆ ದಿಕ್ಕು ಬದಲಿಸಿದಾಗ ಸಿಕ್ಕಿಕೊಳ್ಳುತ್ತದೆ.

8. ಚೀಲದ ಬಾಯಿ ಮಾತ್ರ ಬಿಚ್ಚಿ, ಹಾಯಿಯನ್ನು ಚೀಲದಿಂದಲೇ ನೇರವಾಗಿ ಏರಿಸಿ. ಚುಕ್ಕಾಣಿಯವರು ಸ್ವಲ್ಪ ಗಾಳಿಯತ್ತ ತಿರುಗಿಸಲಿ. ಏರಿಸುವುದು ಸರಸರ ಆಗಬೇಕು. ಮರೆ ಬದಿಯ (ಗಾಳಿ ಬರುವುದಕ್ಕೆ ಎದುರು ಬದಿಯ) ಶೀಟ್ ಪೂರ್ತಿ ಸಡಿಲ ಬಿಡಬೇಡಿ, ಹಾಯಿ ಏರುತ್ತಿದ್ದ ಹಾಗೇ ಸ್ವಲ್ಪ ಸ್ವಲ್ಪ ಎಳೆದುಕೊಳ್ಳುತ್ತಾ ಇರಿ. ಬಿರುಗಾಳಿ ಹಾಯಿಯನ್ನು ಹಾಳು ಮಾಡುವುದು ತುಂಬಿಕೊಂಡ ಗಾಳಿಗಿಂತ ಹೆಚ್ಚಾಗಿ ಈ ಪಟಪಟ ಬಡಿತ.

9. ಗುರುತಿನವರೆಗೆ ಹ್ಯಾಲ್ಯರ್ಡ್ ಬಿಗಿ ಮಾಡಿ, ಶೀಟ್ ಎಳೆಯಿರಿ. ಲಫ್‌ನಲ್ಲಿ ಅಡ್ಡ ಸುಕ್ಕು ಕಂಡರೆ ಹ್ಯಾಲ್ಯರ್ಡ್ ಇನ್ನೂ ಬಿಗಿಯಾಗಬೇಕು. ಖಾಲಿ ಚೀಲವನ್ನು ಕೂಡಲೇ ಕಟ್ಟಿ, ಹಾರಿಹೋದ ಚೀಲಗಳಿಗೆ ಲೆಕ್ಕವಿಲ್ಲ.

ಏರಿದ ಮೇಲೆ

ಸ್ಟಾರ್ಮ್ ಜಿಬ್ ಜೊತೆ ಸೇರಿದರೆ ದೋಣಿ ಗಾಳಿಗೆ ಓರೆಯಾಗಿ ಮುಂದೆ ಸಾಗುತ್ತದೆ. ಮಾಮೂಲಿ ಹಾಯಿಗಳ ಹಾಗೆ ಗಾಳಿಗೆ ಹತ್ತಿರ ಹೋಗಲು ಒತ್ತಾಯಿಸಬೇಡಿ. ಸ್ವಲ್ಪ ಮರೆಗೆ ಬಿಟ್ಟು ವೇಗ ಇಟ್ಟುಕೊಂಡರೆ ಚುಕ್ಕಾಣಿ ಮಾತು ಕೇಳುತ್ತದೆ. ದಿಕ್ಕು ಬದಲಿಸುವಾಗ ಹಳೆ ಶೀಟ್ ಬಿಡುವುದು, ಹೊಸದು ಎಳೆಯುವುದು ಒಂದೇ ಉಸಿರಿನಲ್ಲಿ ಆಗಬೇಕು. ಬೂಮ್ ಇಲ್ಲದ್ದರಿಂದ ಗಾಳಿಗೆ ಬೆನ್ನು ಕೊಟ್ಟು ದಿಕ್ಕು ಬದಲಿಸುವುದೂ ಮೇನ್‌ಸೈಲ್‌ಗಿಂತ ಎಷ್ಟೋ ಸುರಕ್ಷಿತ. ಆದರೂ ಕ್ಲ್ಯೂ ಹಾಯುವ ದಾರಿಯಲ್ಲಿ ತಲೆ ಇರಬಾರದು.

ಟ್ರೈಸೈಲ್ ತನ್ನ ಬೆಲೆ ತೋರಿಸುವುದು ದೋಣಿಯನ್ನು ನಿಲ್ಲಿಸಿ ಕಾಯುವಾಗ. ಇದಕ್ಕೆ ಹೀವ್ ಟು ಅನ್ನುತ್ತಾರೆ. ಟ್ರೈಸೈಲ್‌ನ ಶೀಟ್ ಬಿಗಿ ಮಾಡಿ. ಜಿಬ್ ಇದ್ದರೆ ಅದನ್ನು ಗಾಳಿ ಬರುವ ಬದಿಗೆ ಉಲ್ಟಾ ಕಟ್ಟಿ. ಟಿಲ್ಲರ್ (ಚುಕ್ಕಾಣಿಯ ಹಿಡಿಕೋಲು) ಇದ್ದರೆ ಮರೆ ಬದಿಗೆ ಕಟ್ಟಿ, ಚಕ್ರ ಇದ್ದರೆ ಗಾಳಿ ಬರುವ ಬದಿಗೆ ತಿರುಗಿಸಿ ಕಟ್ಟಿ. ಜಿಬ್ ದೋಣಿಯ ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತದೆ, ಟ್ರೈಸೈಲ್ ಮತ್ತು ಚುಕ್ಕಾಣಿ ಸೇರಿ ಗಾಳಿಯತ್ತ ತರುತ್ತವೆ. ಎರಡೂ ಸಮ ಆದಾಗ ದೋಣಿ ಗಾಳಿಗೆ ಓರೆಯಾಗಿ ನಿಂತು ನಿಧಾನವಾಗಿ ಪಕ್ಕಕ್ಕೆ ಜಾರುತ್ತದೆ. ಒಳಗೆ ಹೋಗಿ ಬಿಸಿ ನೀರು ಕುಡಿಯುವಷ್ಟು ಶಾಂತಿ ಸಿಗುತ್ತದೆ.

ಉದ್ದ ಕೀಲ್ (ದೋಣಿಯ ತಳದ ಕೆಳಗಿನ ಭಾರದ ರೆಕ್ಕೆ) ಇರುವ ಹಳೇ ದೋಣಿಗಳು ಇದಕ್ಕೆ ಸುಲಭವಾಗಿ ಒಗ್ಗುತ್ತವೆ. ಕಿರಿದಾದ ಆಳದ ಕೀಲ್ ಇರುವ ಹೊಸ ದೋಣಿಗಳು ಹಟ ಮಾಡುತ್ತವೆ. ಅವುಗಳಲ್ಲಿ ಎಷ್ಟೋ ಸಲ ಜಿಬ್ ಇಲ್ಲದೆ ಬರೀ ಟ್ರೈಸೈಲ್ ಒಂದೇ ಚೆನ್ನಾಗಿ ನಿಲ್ಲಿಸುತ್ತದೆ. ನಿಮ್ಮ ದೋಣಿಗೆ ಯಾವುದು ಹಿಡಿಸುತ್ತದೆ ಅನ್ನುವುದನ್ನು 25 ನಾಟ್‌ನಲ್ಲೇ ಕಂಡುಕೊಳ್ಳಿ.

ಜಾರುವುದಕ್ಕೆ ಜಾಗ ಇದೆಯೇ ಅಂತ ನಕ್ಷೆ ನೋಡಿ. ಗಂಟೆಗೆ 1.5 ನಾಟಿಕಲ್ ಮೈಲಿ ಜಾರಿದರೂ ಒಂದು ದಿನಕ್ಕೆ 36 ಮೈಲಿ. ಮರೆ ಬದಿಯಲ್ಲಿ ಅಷ್ಟರೊಳಗೆ ದಡ ಇದ್ದರೆ ನಿಂತು ಕಾಯುವುದು ನಿಮ್ಮ ದಾರಿ ಅಲ್ಲ. ಎರಡು ಹಾಯಿ ಏರಿಸಿಕೊಂಡು ದಡದಿಂದ ದೂರ ಹೋಗುವುದೇ ದಾರಿ. ಬೂಮ್, ಮೇನ್‌ಸೈಲ್ ಎರಡನ್ನೂ ಉಳಿಸಿಕೊಂಡು ಇಂಥ ಹೊತ್ತಿನಲ್ಲಿ ದೋಣಿಯನ್ನು ಗಾಳಿಗೆ ಎದುರಾಗಿ ಎಳೆಯಬಲ್ಲ ಹಾಯಿ ಟ್ರೈಸೈಲ್ ಒಂದೇ.

ಇದರ ಮಿತಿಯನ್ನೂ ಹೇಳಬೇಕು. 1979ರ ಫಾಸ್ಟ್‌ನೆಟ್ ಸ್ಪರ್ಧೆಯಲ್ಲಿ 303 ದೋಣಿಗಳು ಹೊರಟವು, ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. 1998ರ ಸಿಡ್ನಿ ಹೋಬಾರ್ಟ್ ಸ್ಪರ್ಧೆಯಲ್ಲಿ 115 ದೋಣಿಗಳಲ್ಲಿ 44 ಮಾತ್ರ ಗುರಿ ಮುಟ್ಟಿದವು, 6 ಮಂದಿ ಸತ್ತರು. ಫಾಸ್ಟ್‌ನೆಟ್ ದುರಂತದ ನಂತರ ಸೌತಾಂಪ್ಟನ್‌ನಲ್ಲಿ ಮಾದರಿ ದೋಣಿಗಳನ್ನು ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿದರು. ಪಕ್ಕದಿಂದ ಬಂದು ಒಡೆಯುವ ಅಲೆ ದೋಣಿಯ ಉದ್ದದ 30% ಎತ್ತರ ಇದ್ದರೂ ಮಗುಚುವ ಸಾಧ್ಯತೆ ಇದೆ ಅಂತ ಕಂಡುಬಂತು. ಅಂದರೆ 10 ಮೀಟರ್ ದೋಣಿಗೆ 3 ಮೀಟರ್‌ನ ಒಡೆಯುವ ಅಲೆ. ಗಾಳಿಯನ್ನು ಟ್ರೈಸೈಲ್ ತಡೆಯುತ್ತದೆ, ಇಂಥ ಅಲೆಯನ್ನು ತಡೆಯಲಾರದು. ಅಲೆಗಳು ಮೇಲೆ ಬಿದ್ದು ಒಡೆಯಲು ಶುರುವಾದರೆ ಹಾಯಿ ಇಳಿಸಿ ಡ್ರೋಗ್ ಅಥವಾ ಸೀ ಆ್ಯಂಕರ್ (ನೀರಿನಲ್ಲಿ ಎಳೆದು ದೋಣಿಯನ್ನು ತಡೆಹಿಡಿಯುವ ಸಾಧನಗಳು) ಹಾಕುವ ಹಂತ ಬಂದಿದೆ ಅಂತ ಅರ್ಥ. ಅದು ಬೇರೆಯೇ ವಿಷಯ.

ಇಳಿಸುವುದು, ಇಡುವುದು

ಗಾಳಿ ಇಳಿದ ತಕ್ಷಣ ಟ್ರೈಸೈಲ್ ಇಳಿಸಲು ಅವಸರ ಮಾಡಬೇಡಿ. ಅಲೆಗಳು ಗಾಳಿಗಿಂತ ನಿಧಾನವಾಗಿ ಮಲಗುತ್ತವೆ. ಆ ಹೊತ್ತಿನಲ್ಲಿ ಉರುಳಾಟ ತಡೆಯಲು ಈ ಹಾಯಿ ಇದ್ದರೆ ಒಳ್ಳೆಯದು, ಬೇಕಿದ್ದರೆ ಜೊತೆಗೆ ಎಂಜಿನ್ ಹಾಕಿಕೊಂಡು ಹೋಗಿ. ಇಳಿಸುವಾಗ ಶೀಟ್ ಸ್ವಲ್ಪ ಮಾತ್ರ ಸಡಿಲಿಸಿ, ಹಾಯಿಯನ್ನು ಕೈಗೆ ಬಂದ ಹಾಗೆ ನೇರ ಚೀಲಕ್ಕೆ ತುರುಕಿ. ಸ್ಲೈಡ್‌ಗಳು ಟ್ರ್ಯಾಕ್‌ನಲ್ಲೇ ಇರಲಿ, ಇನ್ನೊಂದು ಬಿರುಗಾಳಿ ಬೆನ್ನ ಹಿಂದೆಯೇ ಬರಬಹುದು.

ಬಂದರಿಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ಬಟ್ಟೆಗಿಂತ ಹೊಲಿಗೆಯ ದಾರ ಮೊದಲು ಹೋಗುತ್ತದೆ. ಮೂಲೆಗಳ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ದಾರ ಪುಡಿಪುಡಿಯಾಗಿ ಬಂದರೆ ಹೊಸ ಹೊಲಿಗೆ ಹಾಕಿಸಿ. ಸ್ಲೈಡ್‌ಗಳನ್ನು ಹಾಯಿಗೆ ಕಟ್ಟಿದ ಪಟ್ಟಿಗಳು ಸವೆದಿವೆಯೇ ನೋಡಿ. ಸ್ಟಾರ್ಮ್ ಜಿಬ್‌ನ ಹಿತ್ತಾಳೆ ಕೊಕ್ಕೆಗಳು ಉಪ್ಪು ಹಿಡಿದು ಕಚ್ಚಿಕೊಳ್ಳುತ್ತವೆ, ಎಣ್ಣೆ ಹಾಕಿ ಒಂದೊಂದನ್ನೂ ತೆರೆದು ಮುಚ್ಚಿ.

ಚೀಲದ ತಳ ಬಲೆಯದ್ದಾಗಿರಲಿ, ನೀರು ಸೋರಿಹೋಗುತ್ತದೆ. ಮಾಸ್ಟ್‌ನ ಬುಡದಲ್ಲಿ ಕಾಯಂ ಇಡುವುದಾದರೆ ಮೇಲೆ ಬಿಸಿಲು ತಡೆಯುವ ದಪ್ಪ ಬಟ್ಟೆಯ ಹೊದಿಕೆ ಬೇಕು. ವರ್ಷಕ್ಕೆ ಒಮ್ಮೆ ಚೀಲ ಬಿಚ್ಚಿ, ಹಾಯಿ ಏರಿಸಿ, ಗುರುತುಗಳೆಲ್ಲ ಇನ್ನೂ ಸರಿಯಾದ ಜಾಗದಲ್ಲೇ ಇವೆಯೇ ನೋಡಿ. ಹ್ಯಾಲ್ಯರ್ಡ್ ಬದಲಿಸಿದ್ದರೆ ಹಳೇ ಗುರುತು ಅದರ ಜೊತೆಗೇ ಹೋಗಿರುತ್ತದೆ, ಹೊಸದಕ್ಕೆ ಮತ್ತೆ ದಾರ ಸುತ್ತಬೇಕು.